ಒಡೆದ ದನಿಯ ಬೆನ್ನು ಹತ್ತಿ

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲು ಹೊಸದುರ್ಗ ರೋಡ್ ದಾಟಿದ ಮೇಲೆ ರಾಮಗಿರಿ ಮುಟ್ಟುತ್ತದೆ. ಕರಿಸಿದ್ಧೇಶ್ವರನ ಬೆಟ್ಟ, ಬೆಟ್ಟದ ಮಗ್ಗುಲಲ್ಲಿ ಊರು, ಸುತ್ತ ಅಡಿಕೆ, ತೆಂಗು, ತೋಟ ತೋಟಕ್ಕೂ ಬೋರ್‌ವೆಲ್. ಇಂಥ ಊರುಗಳಲ್ಲಿ ಮೋಟಾರ್ ವೈಂಡಿಂಗ್ ಮಾಡುವವರೇ ರೇಡಿಯೊ ರಿಪೇರಿ ಮಾಡುತ್ತಿದ್ದರು, ಜಾತ್ರೆಗೆ ಮದುವೆಗೆ ಮೈಕ್ ಸೆಟ್ ಕಟ್ಟುತ್ತಿದ್ದವರೂ ಅವರೇ. ಈ ಸಂವಾದದ ಹಿರಿಯರು ಅಂಥವರು. ಹುಡುಗ ಬೆಂಗಳೂರಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಊರಿಗೆ ಬಂದವನು, ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. 1980ರಲ್ಲಿ ಬಂದ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಮ್ಮಿನ ಗಿಟಾರ್ ದನಿಯನ್ನು ಇದ್ದದ್ದು ಇದ್ದ ಹಾಗೆ ಮತ್ತೆ ಹುಟ್ಟಿಸಬೇಕು ಎಂಬುದು ಅವನ ಹಟ. ಇನ್ನೊಬ್ಬನ ದನಿಯನ್ನು ಹೀಗೆ ಬೆನ್ನು ಹತ್ತುವುದು ಕಲಿಕೆಯೋ ಅಲ್ಲವೋ ಎಂಬಲ್ಲಿ ಇಬ್ಬರಿಗೂ ಹೊಂದುವುದಿಲ್ಲ. ಇಬ್ಬರ ಕಡೆಗೂ ನ್ಯಾಯವಿದೆ ಎಂದು ನನಗೆ ತೋರಿದ್ದರಿಂದ ಮಾತನ್ನು ಮಾತಾಗಿಯೇ ಇಡುತ್ತಿದ್ದೇನೆ.

ಹುಡುಗ: ಮಾವ, ನಿಮ್ಮಿಂದ ಒಂದು ಕೆಲಸ ಆಗಬೇಕಿತ್ತು. ಈ ಗಿಟಾರಿಂದ ಎಸಿ/ಡಿಸಿ ದನಿ ತೆಗೀಬೇಕು.

ಹಿರಿಯರು: ಎಸಿ/ಡಿಸಿ ಸೆಟ್ಟಾ? ಅವು ಈಗ ಎಲ್ಲೈತಪ್ಪ? ಕರೆಂಟು ಎಸಿ ಇರಲಿ ಡಿಸಿ ಇರಲಿ, ಎರಡಕ್ಕೂ ಓಡೋ ವಾಲ್ವ್ ರೇಡಿಯೊ. ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರ್ತಿರಲಿಲ್ಲ. ಪ್ಲಗ್ಗು ತಿರುಗುಮುರುಗು ಆದ್ರೆ ಚಾಸಿಸ್ಸಿಗೇ ನೇರ ಕರೆಂಟು. ಅಂಥದ್ದಕ್ಕೆ ಗಿಟಾರ್ ಸಿಗಿಸೋ ಮಾತು ಆಡಬೇಡ, ತಂತಿ ಮುಟ್ಟಿದೋನು ಎದ್ದೇಳಲ್ಲ.

ಹುಡುಗ: ರೇಡಿಯೊ ಅಲ್ಲ ಮಾವ, ಬ್ಯಾಂಡು. ಮಾಲ್ಕಮ್ ಯಂಗ್, ಆಂಗಸ್ ಯಂಗ್ ಅಂತ ಅಣ್ಣ ತಮ್ಮ 1973ರಲ್ಲಿ ಸಿಡ್ನಿಯಲ್ಲಿ ಕಟ್ಟಿದ್ದು. ಹೊಲಿಗೆ ಮಿಷಿನ್ ಮೇಲಿದ್ದ ಅಕ್ಷರ ನೋಡಿ ಅವರ ಅಕ್ಕ ಆ ಹೆಸರು ಸೂಚಿಸಿದಳು. ತಗೊಳಿ, ಅವರ ‘ಬ್ಯಾಕ್ ಇನ್ ಬ್ಲ್ಯಾಕ್’ ಹಾಡು, ಹೆಡ್‌ಫೋನ್ ಹಾಕ್ಕೊಂಡು ಕೇಳಿ.

ಹಿರಿಯರು: …ಚೆನ್ನಾಗಿ ಬಾರಿಸ್ತಾನೆ. ಆದ್ರೆ ಆಂಪ್ಲಿಫೈಯರ್ ಒಡೀತಾ ಐತಲ್ಲೋ.

ಹುಡುಗ: ಆ ಒಡೆಯೋದೇ ಬೇಕಿರೋದು.

ಹಿರಿಯರು: ನೋಡಪ್ಪ, ನಾನು ಈ ಅಂಗಡಿಲಿ ಜೀವ ಸವೆಸಿದ್ದು ಸೌಂಡು ಒಡೀದಂಗೆ ಮಾಡೋಕೆ. ಹರಿಕಥೆ ದಾಸರು ಮೈಕಿಗೆ ಬಾಯಿ ತಾಗಿಸ್ತಾರೆ, ರಾಜಕಾರಣಿ ಕಿರುಚ್ತಾನೆ, ಆರ್ಕೆಸ್ಟ್ರಾದೋರು ಎಲ್ಲಾ ವಾಲ್ಯೂಮೂ ಮೇಲೆತ್ತುತಾರೆ. ಆಗ ಮಿಕ್ಸರ್ ಹತ್ರ ಓಡಿಹೋಗಿ ಕಮ್ಮಿ ಮಾಡೋನು ನಾನು. ಒಳಗೆ ಹೋದದ್ದು ಹೊರಗೆ ಹಂಗೇ ಬಂದ್ರೆ ಅದು ಆಂಪ್ಲಿಫೈಯರು. ಬೇರೆ ಥರ ಬಂದ್ರೆ ಅದು ಕಂಪ್ಲೇಂಟು.

ಹುಡುಗ: ಭಾಷಣಕ್ಕೆ ಸರಿ. ಇಲ್ಲಿ ಆಂಪ್ಲಿಫೈಯರೇ ವಾದ್ಯದ ಅರ್ಧ ಭಾಗ. ತಂಬೂರಿ ತಗೊಳಿ. ಕುದುರೆ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಇಡ್ತಾರಲ್ಲ? ದಾರ ಸರಿಯಾದ ಜಾಗಕ್ಕೆ ಬಂದ ಕೂಡಲೇ ಸಪ್ಪೆ ತಂತಿ ಝೇಂಕರಿಸೋಕೆ ಶುರು ಮಾಡುತ್ತೆ. ಒಂದು ಸ್ವರದ ಒಳಗಿಂದ ಹತ್ತು ಸ್ವರ ಏಳುತ್ತೆ. ಶುದ್ಧ ದನಿಯೇ ಬೇಕಿದ್ದರೆ ಆ ದಾರ ಯಾಕೆ? ಇನ್ನು ನಮ್ಮ ಊರಮ್ಮನ ಹಬ್ಬದ ಉರುಮೆ. ಒಂದು ಕಡೆ ಬಾರಿಸಿ ಇನ್ನೊಂದು ಕಡೆ ಬಾಗಿದ ಕೋಲಿನಿಂದ ಉಜ್ಜಿ ಗುರುಗುಟ್ಟಿಸ್ತಾರೆ. ಆ ಗುರುಗುಟ್ಟೋದನ್ನ ನೀವು ರಿಪೇರಿ ಮಾಡ್ತೀರಾ?

ಹಿರಿಯರು: ಉರುಮೆಯವನಿಗೆ ಆ ದನಿ ಎಲ್ಲಿಂದ ಬರುತ್ತೆ ಅಂತ ಗೊತ್ತು. ಚರ್ಮ ಎಷ್ಟು ಬಿಗಿ, ಕೋಲು ಎಷ್ಟು ಒತ್ತಬೇಕು, ಎಲ್ಲ ಕೈಯಲ್ಲೈತೆ. ನಿನಗೆ ಗೊತ್ತಾ, ಆ ನಿನ್ನ ಒಡಕು ಎಲ್ಲಿಂದ ಬರುತ್ತೆ ಅಂತ?

ಹುಡುಗ: ಅಷ್ಟೂ ಓದಿದ್ದೀನಿ. ಗಿಬ್ಸನ್ ಎಸ್‌ಜಿ ಗಿಟಾರು, ಮಾರ್ಷಲ್ ಆಂಪ್ಲಿಫೈಯರು, ಸೆಲೆಸ್ಟಿಯನ್ ಸ್ಪೀಕರು. ಬಹಾಮಾಸ್ ದ್ವೀಪದ ನಸೌ ಊರಲ್ಲಿ ಕಂಪಾಸ್ ಪಾಯಿಂಟ್ ಅಂತ ಸ್ಟುಡಿಯೊ, 1980ರ ಏಪ್ರಿಲ್, ಮೇ ತಿಂಗಳು. ನಿರ್ಮಾಪಕ ಮಟ್ ಲ್ಯಾಂಗ್, ಎಂಜಿನಿಯರ್ ಟೋನಿ ಪ್ಲಾಟ್. ಆ ಫೆಬ್ರುವರಿಯಲ್ಲಷ್ಟೇ ಅವರ ಹಾಡುಗಾರ ಬಾನ್ ಸ್ಕಾಟ್ ತೀರಿಹೋಗಿದ್ದ. ನನ್ನ ಹತ್ತಿರ ಇರೋದು ಅದೇ ಆಕಾರದ ಅಗ್ಗದ ಗಿಟಾರು, ಒಂದು ಡಿಸ್ಟಾರ್ಷನ್ ಪೆಡಲ್ಲು. ನಿಮ್ಮ ಮೈಕ್ ಸೆಟ್ಟಿಗೆ ಹಾಕಿ ತೋರಿಸಲಾ?

(ಹಾಕಿ ನುಡಿಸುತ್ತಾನೆ. ಹೊರಗೆ ನಿಂತಿದ್ದವರು ಒಳಗೆ ಇಣುಕುತ್ತಾರೆ.)

ಹಿರಿಯರು: ನಿಲ್ಸು ನಿಲ್ಸು. ಇದು ಜೇನುಹುಳ ಎದ್ದಂಗೈತೆ. ಫೋನಲ್ಲಿ ಕೇಳಿಸಿದ್ದು ಹಿಂಗಿರಲಿಲ್ಲ.

ಹುಡುಗ: ಅದೇ ನನ್ನ ಸಂಕಟ. ಯಾವ ಗುಂಡಿ ತಿರುವಿದರೂ ಈ ಜರಜರ ಹೋಗ್ತಾ ಇಲ್ಲ.

ಹಿರಿಯರು: ಗುಂಡಿ ಬಿಡು. ಬಾಕ್ಸಿನ ಹಿಂದಕ್ಕೆ ಬಾ. ಈ ಟ್ವೀಟರಿನ ತಂತಿ ಬಿಚ್ಚು. ಹೂಂ, ಈಗ ನುಡಿಸು.

ಹುಡುಗ: …ಮಾವ! ಅರ್ಧ ದಾರಿ ಬಂದುಬಿಟ್ವಲ್ಲ!

ಹಿರಿಯರು: ಸಿಗ್ನಲ್ಲಿನ ತಲೆ ಕತ್ತರಿಸಿದಾಗ ಮೇಲಿನ ಕಂಪನ ರಾಶಿ ಹುಟ್ಟುತ್ತೆ. ನನ್ನ ಬಾಕ್ಸಲ್ಲಿ ಟ್ವೀಟರ್ ಐತೆ, ಅದು ಒಂದೂ ಬಿಡದೆ ಎಲ್ಲಾನೂ ಹೊರಗೆ ಕಾರುತ್ತೆ. ಅವರ ಗಿಟಾರ್ ಡಬ್ಬಿಯಲ್ಲಿ ಟ್ವೀಟರ್ ಇತ್ತಾ?

ಹುಡುಗ: ಇಲ್ಲ. ಹನ್ನೆರಡು ಇಂಚಿನ ನಾಲ್ಕು ಕಾಗದದ ಸ್ಪೀಕರು, ಹಿಂದೆ ಮುಚ್ಚಿದ ಪೆಟ್ಟಿಗೆ. ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಅದರ ದನಿ ಬೇಗ ಬಿದ್ದುಹೋಗುತ್ತೆ.

ಹಿರಿಯರು: ಹಂಗೆ ಹೇಳು. ಒಡೆಯೋದು ಆಂಪ್ಲಿಫೈಯರು, ಒಡೆದದ್ದನ್ನ ಸೋಸೋದು ಸ್ಪೀಕರು. ನೀನು ಒಡೆಯೋದಷ್ಟೇ ದುಡ್ಡು ಕೊಟ್ಟು ತಂದೀಯ.

ಇಲ್ಲಿ ನನ್ನದೊಂದು ಮಾತು ಸೇರಿಸಬೇಕು. ಗಿಟಾರ್ ದನಿಯ ಬಗ್ಗೆ ಬರೆಯುವವರು ಗಿಟಾರು, ಪೆಡಲ್ಲುಗಳ ಹೆಸರನ್ನು ಉದ್ದಕ್ಕೆ ಪಟ್ಟಿ ಮಾಡುತ್ತಾರೆ, ಸ್ಪೀಕರಿನ ಕಾಗದಕ್ಕೆ ಒಂದು ಸಾಲು ಕೊಡುತ್ತಾರೆ. ಆದರೆ ರಾಕ್ ಗಿಟಾರಿನ ಒಡಕು ದನಿಯ ಚರಿತ್ರೆ ಶುರುವಾಗುವುದರಲ್ಲಿ ಆ ಕಾಗದದ ಪಾಲು ದೊಡ್ಡದು. 1958ರ ‘ರಂಬಲ್’ ಮುದ್ರಣಕ್ಕೆ ಲಿಂಕ್ ರೇ ತನ್ನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಹೊಡೆದ. ‘ಕಿಂಕ್ಸ್’ ಬ್ಯಾಂಡಿನ ಡೇವ್ ಡೇವಿಸ್ 1964ರಲ್ಲಿ ಬ್ಲೇಡಿನಿಂದ ಕೋನು ಸೀಳಿದ. ಮೈಕ್ ಸೆಟ್ ಅಂಗಡಿಯಲ್ಲಿ ಗಮ್ ಹಚ್ಚಿ ಮುಚ್ಚುವ ಹರಕನ್ನು ಅವರು ಬೇಕೆಂದೇ ಮಾಡಿಕೊಂಡರು.

ಹಿರಿಯರು: ಇನ್ನೊಂದು ಕೇಳ್ತೀನಿ. ಆ ಆಂಪ್ಲಿಫೈಯರು ವಾಲ್ವಿಂದೋ ಟ್ರಾನ್ಸಿಸ್ಟರಿಂದೋ?

ಹುಡುಗ: ವಾಲ್ವ್. ಮುಂದೆ ಇಸಿಸಿ 83, ಔಟ್‌ಪುಟ್ಟಿಗೆ ಇಎಲ್ 34 ನಾಲ್ಕು. ನೂರು ವಾಟ್.

ಹಿರಿಯರು: ನೂರು ವಾಟ್ ವಾಲ್ವಾ! ಅಂಥದ್ದು ಒಂದಿದ್ರೆ ಬೆಟ್ಟದ ಆ ಕಡೆಗೂ ಕೇಳುತ್ತೆ. ಟ್ರಾನ್ಸಿಸ್ಟರ್ ಸೆಟ್ಟು ಮಿತಿ ತಲುಪಿದ ಕೂಡಲೇ ಅಲೆ ಒಮ್ಮೆಗೇ ಕಡಿದುಹೋಗುತ್ತೆ. ವಾಲ್ವಲ್ಲಿ ಹಂಗಲ್ಲ. ಮೊದಲು ಅಲೆಯ ತಲೆ ಬಾಗುತ್ತೆ, ಆಮೇಲೆ ಚಪ್ಪಟೆ ಆಗುತ್ತೆ. ಒಡೆಯೋ ಮುಂಚೆ ಎಚ್ಚರಿಕೆ ಕೊಡೋ ಗುಣ ಅದಕ್ಕೆ. ಆ ಬೀರು ತೆಗಿ, ಕೆಳಗಿನ ಖಾನೆ. ಆ ಡಬ್ಬೀಲಿರೋದು ಏನು ಓದು.

ಹುಡುಗ: ಇಸಿಸಿ 83… ಬಿ.ಇ.ಎಲ್., ಮೇಡ್ ಇನ್ ಇಂಡಿಯಾ! ಬಿ.ಇ.ಎಲ್. ಅಂದ್ರೆ ಜಾಲಹಳ್ಳಿದಾ?

ಹಿರಿಯರು: ಮತ್ತೆ ಇನ್ಯಾವುದು? 1954ರಲ್ಲಿ ಶುರುವಾದ ಕಾರ್ಖಾನೆ. ಮಿಲಿಟರಿಗೆ ವೈರ್‌ಲೆಸ್ಸು, ಆಕಾಶವಾಣಿಗೆ ಟ್ರಾನ್ಸ್‌ಮಿಟರು, ನಮ್ಮಂಥೋರಿಗೆ ರೇಡಿಯೊ ವಾಲ್ವು. ಬೆಂಗಳೂರಲ್ಲಿ ಗಾಜು ಊದಿ ಮಾಡಿದ ವಾಲ್ವು ಈ ಸೀಮೆಯ ಮನೆ ಮನೆ ರೇಡಿಯೊದಲ್ಲಿ ಉರೀತಿತ್ತು. ಈಗ ಹೊಸದು ಬೇಕಂದ್ರೆ ಎಲ್ಲಿಂದ ತರಿಸ್ತಾರೆ?

ಹುಡುಗ: ಸ್ಲೊವಾಕಿಯಾ, ರಷ್ಯಾ, ಚೀನಾ. ಕೊಳ್ಳೋರಲ್ಲಿ ಗಿಟಾರಿನೋರೇ ಜಾಸ್ತಿ.

ಹಿರಿಯರು: ನೋಡು, ಮನೇಲಿದ್ದದ್ದು ಹೋಯ್ತು.

ಹುಡುಗ: ಗಿಟಾರಲ್ಲಿ ನಮ್ಮ ನೆಲದ್ದು ಇನ್ನೊಂದಿದೆ ಮಾವ. ಬೆರಳು ಓಡಾಡೋ ಹಲಗೆ ಬೀಟೆ ಮರದ್ದು. ಬ್ರೆಜಿಲಿನ ಬೀಟೆ ಸಿಗೋದು ಕಷ್ಟವಾದಾಗ 1960ರ ದಶಕದ ಕೊನೆಕೊನೆಗೆ ಅಮೆರಿಕದ ಗಿಟಾರ್ ಕಂಪನಿಗಳು ಭಾರತದ ಬೀಟೆಗೆ ತಿರುಗಿದವು. ನಮ್ಮ ಮಲೆನಾಡಿನ ಕಾಡಲ್ಲಿ ಬೆಳೆಯೋ ಜಾತಿ ಅದು. ಹಾಗಾಗಿ ಈ ದನಿ ಪರದೇಶದ್ದು ಅಂತ ಯಾರಾದರೂ ಅಂದರೆ ನಾನು ಪೂರ್ತಿ ಒಪ್ಪಲ್ಲ.

ಹಿರಿಯರು: ಮರ ನಮ್ಮದು, ವಾಲ್ವು ನಮ್ಮದಿತ್ತು, ದನಿ ಮಾತ್ರ ಅವರು ತೆಗೆದ್ರು. ಅದೇ ನಾನು ಕೇಳೋದು. ಅವರಾದ್ರೂ ಯಾರದ್ದೋ ದನಿ ತೆಗೀಬೇಕು ಅಂತ ಕೂತಿದ್ರಾ?

ಹುಡುಗ: ಕೂತಿದ್ದರು! ಮಾರ್ಷಲ್ ಕತೆ ಅದೇ. ಲಂಡನ್ನಿನ ಹ್ಯಾನ್‌ವೆಲ್ಲಿನಲ್ಲಿ ಜಿಮ್ ಮಾರ್ಷಲ್ ಅನ್ನೋ ಡ್ರಮ್ ಮೇಷ್ಟರ ಅಂಗಡಿ. ಅಮೆರಿಕದ ಫೆಂಡರ್ ಆಂಪ್ಲಿಫೈಯರು ಅಲ್ಲಿ ವಿಪರೀತ ದುಬಾರಿ. 1962ರಲ್ಲಿ ಅವನೂ ಅವನ ರಿಪೇರಿಯೋನು ಕೆನ್ ಬ್ರಾನೂ, ಡಡ್ಲಿ ಕ್ರೇವನ್ ಅನ್ನೋ ಎಳೆ ಹುಡುಗನೂ ಸೇರಿ ಫೆಂಡರ್ ಬಾಸ್‌ಮನ್ ಸರ್ಕ್ಯೂಟನ್ನ ಹೆಚ್ಚುಕಮ್ಮಿ ಹಾಗೇ ಇಳಿಸಿದರು. ಅದೇ ಮೊದಲನೇ ಮಾರ್ಷಲ್. ಆದರೆ ದನಿ ಮಾತ್ರ ಫೆಂಡರ್ ಥರ ಬರಲಿಲ್ಲ.

ಹಿರಿಯರು: ಬರಲ್ಲ. ವಾಲ್ವು ಬೇರೆ ಹಾಕಿರ್ತಾರೆ, ಟ್ರಾನ್ಸ್‌ಫಾರ್ಮರು ಅಲ್ಲಿ ಸಿಗೋದು ಹಾಕಿರ್ತಾರೆ.

ಹುಡುಗ: ಸರಿಯಾಗಿ ಹೇಳಿದಿರಿ. ಫೆಂಡರಿನಲ್ಲಿ ಹಿಂದೆ ತೆರೆದ ಡಬ್ಬಿ, ಹತ್ತು ಇಂಚಿನ ಸ್ಪೀಕರು. ಇವರದ್ದು ಮುಚ್ಚಿದ ಡಬ್ಬಿ, ಹನ್ನೆರಡು ಇಂಚಿನದು, ಇಂಗ್ಲೆಂಡಿನದೇ. ಒಂದೊಂದೂ ಸ್ವಲ್ಪ ಸ್ವಲ್ಪ ದೂರ ಸರಿದು ಕೊನೆಗೆ ಹೊಸ ದನಿಯೇ ಆಯ್ತು.

ಹಿರಿಯರು: ನಾನು ಹೇಳಬೇಕಿದ್ದದ್ದನ್ನ ನೀನೇ ಹೇಳಿದೆ. ಇಳಿಸೋಕೆ ಹೋದ್ರು, ಇಳೀಲಿಲ್ಲ, ಕೈಗೆ ಸಿಕ್ಕ ಸಾಮಾನಲ್ಲಿ ಬಂದದ್ದನ್ನ ಒಪ್ಪಿಕೊಂಡ್ರು. ನೀನು ಒಪ್ಪಿಕೊಳ್ಳಲ್ಲ ಅಂತೀಯ. ಟ್ವೀಟರ್ ಕಿತ್ತಾಗ ಬಂತಲ್ಲ ಒಂದು ದನಿ, ಅದು ರಾಮಗಿರಿದು. ಅದನ್ನೇ ಇಟ್ಕೊಳ್ಳೋಕೆ ಏನು ಧಾಡಿ?

ಹುಡುಗ: ಸಿಕ್ಕಿದ ಕೂಡಲೇ ಒಪ್ಪಿಕೊಂಡರೆ ನನ್ನ ಕಿವಿ ಬೆಳೆಯಲ್ಲ ಮಾವ. ಅದನ್ನೇ ತೆಗೀತೀನಿ ಅಂತ ಹಟ ಹಿಡಿದ ಮೇಲೇ ನನಗೆ ಒಂದೊಂದೂ ಕೇಳಿಸೋಕೆ ಶುರುವಾದದ್ದು. ಈ ಹಾಡಿನ ದನಿ ತುಂಬ ಒಡೆದಿದೆ ಅಂತ ನಾನೂ ಅಂದುಕೊಂಡಿದ್ದೆ. ಪೆಡಲ್ಲಿನ ಗೇನು ಪೂರ್ತಿ ಇಟ್ಟು ನುಡಿಸ್ತಿದ್ದೆ. ಅದು ಆಗಲೇ ಇಲ್ಲ. ಯಾಕೆ ಅಂದರೆ ಆ ಹಾಡಲ್ಲಿ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಖಾಲಿ ಜಾಗ ಇದೆ. ತಂತಿ ಮೀಟಿ, ಅಂಗೈಯಿಂದ ಅದುಮಿ ನಿಲ್ಲಿಸ್ತಾನೆ. ಆ ಖಾಲಿ ಜಾಗದಲ್ಲಿ ಏನೂ ಕೇಳಿಸಬಾರದು. ಗೇನು ಜಾಸ್ತಿ ಇಟ್ಟರೆ ಅಲ್ಲಿ ಬರೀ ಸೊಂಯ್ ಅನ್ನೋ ಸದ್ದು ತುಂಬಿಕೊಳ್ಳುತ್ತೆ.

ಹಿರಿಯರು: ಹೆಡ್‌ಫೋನ್ ಕೊಡು ಇನ್ನೊಂದ್ಸಲ… ಹೌದಲ್ಲೋ. ನಡುವೆ ಪೂರ್ತಿ ನಿಶ್ಶಬ್ದ. ಹಂಗಾದ್ರೆ ಇದು ಒಡಕು ದನಿ ಅಲ್ಲ. ಹೆಚ್ಚುಕಮ್ಮಿ ಶುದ್ಧವಾದದ್ದೇ.

ಹುಡುಗ: ಶುದ್ಧವೂ ಅಲ್ಲ. ಮೆಲ್ಲಗೆ ಮೀಟಿದರೆ ತಿಳಿ, ಜೋರಾಗಿ ಹೊಡೆದರೆ ಒಡಕು. ಎರಡರ ನಡುವೆ ನಿಲ್ಲಿಸಿದಾರೆ. ಅದೂ ಒಂದು ಗಿಟಾರಲ್ಲ, ಎರಡು. ಒಂದು ಕಿವಿಗೆ ಅಣ್ಣ, ಇನ್ನೊಂದು ಕಿವಿಗೆ ತಮ್ಮ. ಅಣ್ಣನದ್ದು 1963ರ ಗ್ರೆಚ್ ಗಿಟಾರು. ತಂತಿಯ ಕಂಪನ ಹಿಡಿಯೋ ಪಿಕಪ್ಪುಗಳಲ್ಲಿ ಬೇಡದ್ದು ಕಿತ್ತು ಬಿಸಾಕಿ ಒಂದನ್ನೇ ಉಳಿಸಿಕೊಂಡಿದ್ದ. ಅವನ ದನಿ ಇನ್ನೂ ತಿಳಿ. ಇಬ್ಬರೂ ಒಂದೇ ಏಟಿಗೆ ಹೊಡೆಯೋದರಿಂದ ಒಂದೇ ದೊಡ್ಡ ಗಿಟಾರಿನ ಹಾಗೆ ಕೇಳುತ್ತೆ. ಇಷ್ಟೂ ನನಗೆ ತಿಳಿದದ್ದು ನಕಲು ಮಾಡೋಕೆ ಹೋಗಿ ಸೋತಾಗ.

ಹಿರಿಯರು: ಅದನ್ನ ಒಪ್ತೀನಿ. ಹಾಳಾದ ಸೆಟ್ಟು ಬಿಚ್ಚಿದೋನಿಗೇ ಸೆಟ್ಟು ಅರ್ಥ ಆಗೋದು. ಆದ್ರೆ ಬಿಚ್ಚಿದೋನು ಯಾವತ್ತೋ ಒಂದಿನ ಹೊಸದು ಕಟ್ಟಬೇಕಲ್ಲ?

ಹುಡುಗ: ಕೆಲವರು ಬಿಚ್ಚೋದರಲ್ಲೇ ದೊಡ್ಡ ಕೆಲಸ ಮಾಡ್ತಾರೆ. ಇದೇ ದನಿ ಹಿಂದೆ ಬಿದ್ದ ಇಟಲಿಯ ಒಬ್ಬ ಇದ್ದಾನೆ, ಫಿಲಿಪ್ಪೊ ಒಲಿವಿಯೆರಿ. ಅದೇ ಗಿಟಾರು, ಅದೇ ಮಾರ್ಷಲ್ ಎಲ್ಲ ಕೂಡಿಸಿದರೂ ಅವನಿಗೆ ದನಿ ಬರಲಿಲ್ಲ. ಕೊನೆಗೆ ಗೊತ್ತಾಯ್ತು, ನಡುವೆ ಇನ್ನೊಂದು ಡಬ್ಬಿ ಇತ್ತು ಅಂತ. ಅದು ವೈರ್‌ಲೆಸ್ ಸೆಟ್ಟು.

ಹಿರಿಯರು: ಕಾರ್ಡ್‌ಲೆಸ್ ಮೈಕ್ ಇದ್ದಂಗೆ?

ಹುಡುಗ: ಅದೇ ಜಾತಿ. ನ್ಯೂಯಾರ್ಕಿನ ಕೆನ್ ಶಾಫರ್ ಮಾಡಿದ್ದು. ಆಗ ವೇದಿಕೆ ಮೇಲೆ ಶಾಕ್ ಹೊಡೆಸಿಕೊಳ್ಳೋರು ಬಹಳ. 1976ರಲ್ಲಿ ‘ಕಿಸ್’ ಬ್ಯಾಂಡಿನ ಏಸ್ ಫ್ರೇಲಿ ಫ್ಲಾರಿಡಾದಲ್ಲಿ ಹಾಗೇ ಬಿದ್ದ. ವೈರ್ ಇಲ್ಲದಿದ್ದರೆ ಶಾಕ್ ಭಯ ಇಲ್ಲ. ಆಂಗಸ್‌ಗೆ ಓಡಾಡಿಕೊಂಡು ನುಡಿಸೋ ಅಭ್ಯಾಸ, ಅವನೂ ತಗೊಂಡ. ಆಮೇಲೆ ಸ್ಟುಡಿಯೊದಲ್ಲಿ ಕೂತು ನುಡಿಸುವಾಗಲೂ ಬಿಡಲಿಲ್ಲ.

ಹಿರಿಯರು: ಗಾಳೀಲಿ ಕಳಿಸೋ ಮುಂಚೆ ಸಿಗ್ನಲ್ ಹಿಂಡಿ ಚಿಕ್ಕದು ಮಾಡ್ತಾರೆ, ಈ ಕಡೆ ಬಂದ ಮೇಲೆ ಹಿಗ್ಗಿಸ್ತಾರೆ. ಸದ್ದು ಕಮ್ಮಿ ಮಾಡೋ ಉಪಾಯ. ಹಿಂಡಿ ಹಿಗ್ಗಿಸಿದ್ದು ಮೊದಲಿನಷ್ಟೇ ಆಗಲ್ಲ, ಎಲ್ಲೋ ಒಂಚೂರು ಉಬ್ಬುತ್ತೆ.

ಹುಡುಗ: ಆ ಉಬ್ಬೇ ಬೇಕಾಗಿದ್ದದ್ದು. ಜೊತೆಗೆ ಆ ಡಬ್ಬಿ ಸಿಗ್ನಲ್ಲನ್ನ ಎತ್ತಿ ಕೊಡ್ತಿತ್ತು, ಆಂಪ್ಲಿಫೈಯರಿಗೆ ಏಟು ಜೋರಾಗಿ ಬೀಳ್ತಿತ್ತು. ಒಲಿವಿಯೆರಿ ಶಾಫರನನ್ನ ಹುಡುಕಿಕೊಂಡು ಹೋಗಿ, ಹಳೇ ಡಬ್ಬಿ ಸಂಪಾದಿಸಿ, ವೈರ್‌ಲೆಸ್ ಭಾಗ ಬಿಟ್ಟು ಉಳಿದ ಸರ್ಕ್ಯೂಟನ್ನ ಮತ್ತೆ ಕಟ್ಟಿಸಿದ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಸರಿಯಾಗಿ ಗೊತ್ತಿಲ್ಲದ ಒಂದು ಸಂಗತಿ ಅವನ ಹಟದಿಂದ ಹೊರಗೆ ಬಂತು. ಅದನ್ನ ಕಲಿಕೆ ಅಲ್ಲ ಅನ್ನೋಕೆ ಆಗುತ್ತಾ?

ಹಿರಿಯರು: ಸಂಶೋಧನೆ ಅಂತೀನಿ. ದೊಡ್ಡದೇ. ಸಂಗೀತ ಅನ್ನೋಕೆ ನನಗೆ ಇನ್ನೂ ಸ್ವಲ್ಪ ಬೇಕು. ಶಾಕ್ ತಪ್ಪಿಸೋಕೆ ಮಾಡಿದ ಡಬ್ಬಿ ದನಿ ಕೊಟ್ಟಿತು. ಆಂಗಸ್ ಅದನ್ನ ಹುಡುಕಿಕೊಂಡು ಹೋಗಿರಲಿಲ್ಲ. ಬಂದದ್ದನ್ನ ಕೇಳಿ, ಇದು ಚೆನ್ನಾಗೈತೆ ಅಂತ ಹಿಡಿದುಕೊಂಡ. ಆ ಹಿಡಿದುಕೊಳ್ಳೋ ಕಿವಿ ಐತಲ್ಲ, ಅದನ್ನ ಯಾವ ಡಬ್ಬಿ ಕಟ್ಟಿಕೊಡುತ್ತೆ?

ಈ ಪ್ರಶ್ನೆಗೆ ಹುಡುಗ ಕೂಡಲೇ ಉತ್ತರ ಕೊಡಲಿಲ್ಲ. ಗಿಟಾರ್ ತಿರುಗಿಸಿ ಪಿಕಪ್ಪಿನ ಮುಚ್ಚಳ ತೋರಿಸಿದ. ಮಾತು ಸ್ವಲ್ಪ ಹೊತ್ತು ತಂತಿ ಸುತ್ತುವ ಕಡೆಗೆ ಹೋಯಿತು. ವೈಂಡಿಂಗ್ ಬಲ್ಲ ಕೈಗೆ ಅದು ಹಬ್ಬ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಮಾಡಿದ ಉಪಾಯ ಇದು: ಒಂದರ ಪಕ್ಕ ಒಂದು ಎರಡು ಸುರುಳಿ, ಒಂದೊಂದಕ್ಕೂ 0.06 ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಸುಮಾರು 5,000 ಸುತ್ತು. ಎರಡನ್ನೂ ಎದುರುಬದುರು ಜೋಡಿಸಿದರೆ ಹೊರಗಿನಿಂದ ನುಸುಳುವ ಕರೆಂಟಿನ ಗುಂಯ್‌ಕಾರ ಒಂದನ್ನೊಂದು ಕಳೆಯುತ್ತದೆ, ತಂತಿಯ ದನಿ ಮಾತ್ರ ಕೂಡುತ್ತದೆ. ಮಗ್ಗುಲಲ್ಲೇ ಪಂಪ್‌ಸೆಟ್ ಸ್ಟಾರ್ಟರ್ ಇರುವ ಊರಿನಲ್ಲಿ ಅದರ ಬೆಲೆ ಯಾರಿಗೂ ವಿವರಿಸಬೇಕಿಲ್ಲ.

ಹಿರಿಯರು: ಕೂದಲಷ್ಟು ಸಣ್ಣ ತಂತಿ. ಕೈಯಲ್ಲಿ ಸುತ್ತಿದ್ರೆ ಒಂದೊಂದು ಸುತ್ತೂ ಒಂದೊಂದು ಕಡೆ ಬೀಳುತ್ತೆ. ಎರಡು ಸುರುಳಿ ಒಂದೇ ಥರ ಬರೋಕೆ ಸಾಧ್ಯವೇ ಇಲ್ಲ.

ಹುಡುಗ: ಹಳೇ ಗಿಟಾರು ಒಂದರಂತೆ ಒಂದು ಇಲ್ಲದಿರೋದಕ್ಕೆ ಅದೂ ಕಾರಣ. ಇನ್ನೊಂದು ಹೇಳ್ತೀನಿ, ನೀವು ನಂಬಲ್ಲ. ಎಡ್ಡಿ ವ್ಯಾನ್ ಹೇಲನ್ ಅಂತ ಅಮೆರಿಕದ ಗಿಟಾರಿಸ್ಟು. 1978ರ ಅವನ ಮೊದಲ ಆಲ್ಬಮ್ಮಿನ ದನಿಗೆ ಜಗತ್ತೇ ಮರುಳಾಯ್ತು. ಅವನು ವೇರಿಯಾಕ್ ಇಟ್ಟುಕೊಂಡು ಮಾರ್ಷಲ್ಲಿಗೆ ಹೋಗೋ ಕರೆಂಟನ್ನ 90 ವೋಲ್ಟಿನ ಆಸುಪಾಸಿಗೆ ಇಳಿಸ್ತಿದ್ದ. ಅವರದ್ದು 110, 120 ವೋಲ್ಟಿನ ಲೈನು.

ಹಿರಿಯರು: ಡಿಮ್ ಕರೆಂಟು! ಬೇಸಿಗೆಲಿ ಸುತ್ತಲ ಮೋಟಾರ್ ಎಲ್ಲ ಒಟ್ಟಿಗೆ ಎದ್ದಾಗ ನಮ್ಮ ಲೈನಿಗೆ ಬರೋದೂ ಅದೇ. ರೇಡಿಯೊ ದನಿ ಮೆತ್ತಗಾಗಿ ಗೊಗ್ಗರಾಗ್ತಿತ್ತು. ಜನ ಸ್ಟೆಬಿಲೈಸರ್ ಹಾಕ್ಸಿ ಅಂತ ಬರೋರು. ಅವನು ದುಡ್ಡು ಕೊಟ್ಟು ಡಿಮ್ ಮಾಡ್ಕೊಂಡನಾ?

ಹುಡುಗ: ಬೇಕು ಅಂತಲೇ. ಪೂರ್ತಿ ವಾಲ್ಯೂಮ್ ಇಟ್ಟರೂ ಸದ್ದು ಹಿಡಿತದಲ್ಲಿ ಇರುತ್ತೆ, ವಾಲ್ವು ಮಾತ್ರ ದಣಿದು ಒಡೆಯುತ್ತೆ.

ಹಿರಿಯರು: ಮತ್ತೆ ನೋಡು ನನ್ನ ಮಾತಿಗೇ ಬರ್ತೀಯ. ಅವನು ತನ್ನ ಮನೆ ಕರೆಂಟಲ್ಲಿ ತನ್ನ ದನಿ ಹುಡುಕಿದ. ನಿನ್ನ ಮನೆ ಕರೆಂಟು ಹೊಳಲ್ಕೆರೆ ಲೈನಿಂದ ಬರುತ್ತೆ. ಕರಿಸಿದ್ಧೇಶ್ವರನ ಬೆಟ್ಟಕ್ಕೆ ದನಿ ಬಡಿದು ವಾಪಸ್ ಬರೋದು ನಸೌನಲ್ಲಿ ಇಲ್ಲ. ಉರುಮೆ ಹೆಸರು ನೀನೇ ಎತ್ತಿದೆ. ಅದನ್ನ ಈ ಗಿಟಾರಿನ ಜೊತೆ ಯಾಕೆ ಕೂಡಿಸಲ್ಲ? ಆಗ ಅದು ನಿಂದು ಅಂತ ಹೇಳಬಹುದು.

ಹುಡುಗ: ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ ಮಾವ, ಬೇಜಾರು ಮಾಡ್ಕೋಬೇಡಿ. ಚಿತ್ರದುರ್ಗದ ಕಡೆ ಹುಡುಗ ಅಂದ ಕೂಡಲೇ ಒಂದು ವೀರಗಾಸೆ ಸೇರಿಸು, ಒಂದು ಉರುಮೆ ಸೇರಿಸು ಅಂತಾರೆ. ಬೆಂಗಳೂರಲ್ಲಿ ಹುಟ್ಟಿದವನು ರಾಕ್ ನುಡಿಸಿದರೆ ರಾಕ್. ನಾನು ನುಡಿಸಿದರೆ ಊರಿನ ಗುರುತಿನ ಚೀಟಿ ತೋರಿಸಬೇಕು. ಹರ್ಮೋನಿಯಂ ಯುರೋಪಿನಿಂದ ಬಂತು, ಪಿಟೀಲು ಅಲ್ಲಿಂದಲೇ ಬಂತು. ಭಜನೆ ಮನೆಯಲ್ಲಿ ಹರ್ಮೋನಿಯಂ ಬಾರಿಸೋರ ಹತ್ತಿರ ಯಾರಾದರೂ ಹೀಗೆ ಕೇಳ್ತಾರಾ? ಬೆಂಗಳೂರಿನ ‘ಕ್ರಿಪ್ಟೋಸ್’ ಬ್ಯಾಂಡು ನೋಡಿ. 1998ರಲ್ಲಿ ಹುಟ್ಟಿದ್ದು. ಎಂಬತ್ತರ ದಶಕದ ಹೆವಿ ಮೆಟಲ್ ದನಿಯನ್ನ ಯಾವ ಅಂಜಿಕೆ ಇಲ್ಲದೆ ಹಾಗೇ ಎತ್ತಿಕೊಂಡರು. ತಬಲಾ ಇಲ್ಲ, ವೀಣೆ ಇಲ್ಲ. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿದರು. ಆ ಸಂಗೀತದ ತವರಿನವರೇ ಒಪ್ಪಿದರು.

ಹಿರಿಯರು: ನಿನ್ನ ಸಿಟ್ಟು ಸರಿ. ಚೀಟಿ ನಾನು ಕೇಳ್ತಿಲ್ಲ. ಆದ್ರೆ ಅವರು ಆ ಥರದ ದನಿ ಇಟ್ಕೊಂಡು ಹಾಡು ತಮ್ಮದೇ ಕಟ್ಟಿದ್ರಾ, ಇಲ್ಲ ಹಳೇ ಹಾಡನ್ನೇ ಬಾರಿಸಿದ್ರಾ?

ಹುಡುಗ: ಹಾಡು ಅವರದ್ದೇ.

ಹಿರಿಯರು: ಅಷ್ಟೇ ನಾನು ಕೇಳಿದ್ದು.

ಹುಡುಗ: ಆದರೆ ಆ ದನಿ ಕೈವಶ ಆದ ಮೇಲೆ ಕಟ್ಟಿದರು. ನಾನು ಇನ್ನೂ ಆ ಮೊದಲನೇ ಮೆಟ್ಟಿಲಲ್ಲಿ ಇದ್ದೀನಿ. 2007ರ ಮಾರ್ಚ್ 17ಕ್ಕೆ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ನಾನು ಚಿಕ್ಕವನು. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬಂದಾಗ ಕಳಿಸಿಕೊಡೋರು ಯಾರೂ ಇರಲಿಲ್ಲ. ಆ ದನಿಯನ್ನ ಎದೆಗೆ ತಾಗೋ ಹಾಗೆ ನಾನು ಒಂದು ಸಲವೂ ಕೇಳಿಲ್ಲ. ಕೇಳಿದ್ದೆಲ್ಲ ಫೋನಲ್ಲಿ. ಇಲ್ಲೇ ಹುಟ್ಟಿಸಿಕೊಂಡರೆ ಮಾತ್ರ ನನಗೆ ಸಿಗೋದು. ನಕಲು ಅನ್ನಿ, ಏನಾದರೂ ಅನ್ನಿ, ನನಗೆ ಬೇಕಾಗಿರೋದು ಆ ದನಿಯ ಎದುರು ಒಂದು ಸಲ ನಿಲ್ಲೋದು.

ಹಿರಿಯರು: …ಇದನ್ನ ಮೊದಲೇ ಹೇಳಬೇಕಿತ್ತು ನೀನು. ಲ್ಯಾಪ್‌ಟಾಪಲ್ಲಿ ಏನೋ ಬರುತ್ತಂತಲ್ಲ, ಅದಾಗಲ್ವಾ?

ಹುಡುಗ: ಬರುತ್ತೆ. ನ್ಯೂರಲ್ ಆಂಪ್ ಮಾಡೆಲರ್ ಅಂತ, ಪುಕ್ಕಟೆ ಸಿಗುತ್ತೆ. ಯಾರೋ ತಮ್ಮ ಹತ್ತಿರ ಇರೋ ಅಸಲಿ ಮಾರ್ಷಲ್ಲಿಗೆ ಸಿಗ್ನಲ್ ಕಳಿಸಿ, ಬಂದದ್ದನ್ನ ಕಂಪ್ಯೂಟರಿಗೆ ಕಲಿಸಿರ್ತಾರೆ. ರೆಕಾರ್ಡ್ ಮಾಡಿದರೆ ಅಸಲಿ ಯಾವುದು ಇದು ಯಾವುದು ಅಂತ ಹೇಳೋದು ಕಷ್ಟ. ಲಕ್ಷ ದಾಟೋ ಸಾಮಾನು ನನ್ನಂಥವನ ಕೈಗೆ ಬಂದದ್ದು ಅದರಿಂದಲೇ, ಅದನ್ನ ನಾನು ಹೀಗಳೆಯಲ್ಲ. ಆದರೆ ಹೆಡ್‌ಫೋನ್ ತೆಗೆದರೆ ಕೋಣೆಯಲ್ಲಿ ಏನೂ ಇಲ್ಲ. ಗಿಟಾರಿನ ಮರಕ್ಕೆ ಸ್ಪೀಕರಿನ ಗಾಳಿ ಬಡಿದು ತಂತಿ ತಾನೇ ಕೂಗೋಕೆ ಶುರು ಮಾಡುತ್ತಲ್ಲ, ಅದು ಬರಲ್ಲ.

ಹಿರಿಯರು: ಸಣ್ಣ ವಾಲ್ಯೂಮಲ್ಲಿ ಕಿವಿನೂ ಮೋಸ ಹೋಗುತ್ತೆ. ತಗ್ಗಿನ ದನಿ, ಎತ್ತರದ ದನಿ ಎರಡೂ ಕಮ್ಮಿ ಕೇಳುತ್ತೆ. ಅದಕ್ಕೇ ಹಳೇ ಟೇಪ್‌ರೆಕಾರ್ಡರಿಗೆ ಲೌಡ್‌ನೆಸ್ ಸ್ವಿಚ್ ಇಡ್ತಿದ್ದದ್ದು.

ಹುಡುಗ: 1933ರಲ್ಲೇ ಫ್ಲೆಚರ್, ಮನ್ಸನ್ ಅನ್ನೋರು ಅಳೆದು ತೋರಿಸಿದ್ದರು. ಜೋರು ದನಿಯ ಸೆಟಿಂಗನ್ನ ಸಣ್ಣ ದನಿಗೆ ಇಳಿಸಿದರೆ ಅದೇ ದನಿ ಆಗಲ್ಲ.

ಹಿರಿಯರು: ಸರಿ ಕೇಳು. ಅಟ್ಟದ ಮೇಲೆ ಒಂದು ವಾಲ್ವ್ ರೇಡಿಯೊ ಐತೆ, ಎಸಿ ಸೆಟ್ಟು, ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರೋದು. ಔಟ್‌ಪುಟ್ಟಿಗೆ ಇಎಲ್ 84 ಒಂದು, ಐದು ವಾಟ್ ಬರುತ್ತೆ. ಇಸಿಸಿ 83 ಈ ಡಬ್ಬೀಲೈತೆ. ಕೆಪಾಸಿಟರ್ ಎಲ್ಲ ಹೊಸದು ಹಾಕಬೇಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ನಾನೇ ಸುತ್ತುತೀನಿ. ಮೂರು ಪಿನ್ನಿನ ವೈರು, ಅರ್ಥಿಂಗ್ ಸರಿಯಾಗಿರಬೇಕು. ಒಳಗೆ ಇನ್ನೂರೈವತ್ತು ವೋಲ್ಟ್ ಡಿಸಿ ಇರುತ್ತೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಲ್ಲಿ ನಿಂತಿರುತ್ತೆ, ನಾನಿಲ್ಲದಾಗ ಮುಚ್ಚಳ ಬಿಚ್ಚೋ ಹಾಗಿಲ್ಲ.

ಹುಡುಗ: ಬಿಚ್ಚಲ್ಲ. ಎರಡು ವಾಲ್ಯೂಮ್ ಇಡ್ತೀರಾ? ಒಂದು ಮುಂದಿನ ವಾಲ್ವಿಗೆ, ಒಂದು ಕೊನೆಗೆ. ಆಗ ಮೊದಲನೇದು ಪೂರ್ತಿ ಇಟ್ಟು ಒಡೆಸಿ, ಎರಡನೇದರಲ್ಲಿ ಸದ್ದು ಕಮ್ಮಿ ಮಾಡಬಹುದು.

ಹಿರಿಯರು: ನಿನ್ನ ಆಂಗಸನ ಹಳೇ ಮಾರ್ಷಲ್ಲಿಗೆ ಹಂಗೆ ಎರಡು ಇತ್ತಾ?

ಹುಡುಗ: …ಇರಲಿಲ್ಲ. ಮಾಸ್ಟರ್ ವಾಲ್ಯೂಮ್ ಬಂದದ್ದು 1975ರ ಸುಮಾರಿಗೆ, ಬೇರೆ ಮಾಡೆಲ್ಲಿಗೆ. ಹಳೇದಕ್ಕೆ ಸದ್ದು ಏರಿಸಿದರೇ ಒಡೆಯೋದು, ಔಟ್‌ಪುಟ್ ವಾಲ್ವಿನವರೆಗೂ.

ಹಿರಿಯರು: ಹಂಗಾದ್ರೆ ಒಂದೇ ಇಡ್ತೀನಿ. ಇದ್ದದ್ದು ಇದ್ದಂಗೆ ಬೇಕು ಅಂದೋನು ನೀನೇ.

ಹುಡುಗ: ಮಾವ, ಐದು ವಾಟ್ ಅಂದರೂ ಪೂರ್ತಿ ಇಟ್ಟರೆ ಬೀದಿಗೆಲ್ಲ ಕೇಳುತ್ತೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ, ನಿಮಗೇ ಗೊತ್ತಲ್ಲ. ನಾನು ನುಡಿಸೋದೇ ರಾತ್ರಿ ಊಟ ಆದ ಮೇಲೆ. ಎರಡು ಇಡಿ, ಏನಾಗುತ್ತೆ?

ಹಿರಿಯರು: ದನಿ ಸಣ್ಣದಾಗುತ್ತೆ. ಮುಂದಿನ ವಾಲ್ವು ಮಾತ್ರ ಒಡೆದ್ರೆ ಅದು ನಿನ್ನ ಪೆಡಲ್ಲಿನ ಅಣ್ಣ ಅಷ್ಟೇ. ಔಟ್‌ಪುಟ್ ವಾಲ್ವು ದಣೀಬೇಕು, ಟ್ರಾನ್ಸ್‌ಫಾರ್ಮರ್ ಬಿಸಿಯಾಗಬೇಕು, ಸ್ಪೀಕರ್ ಕಾಗದ ಅಲ್ಲಾಡಬೇಕು. ಹಗಲಲ್ಲಿ ತೋಟದ ಪಂಪ್‌ಹೌಸಿಗೆ ಎತ್ಕೊಂಡು ಹೋಗು.

ಹುಡುಗ: ಅಲ್ಲಿ ತ್ರೀ ಫೇಸ್ ಬರೋ ಹೊತ್ತಿಗೆ ಮೋಟಾರ್ ಓಡ್ತಿರುತ್ತೆ, ಆ ಗದ್ದಲದಲ್ಲಿ ಏನು ಕೇಳಲಿ? ಎರಡು ಗುಂಡಿ ಇದ್ದರೆ ಬೆಂಗಳೂರಿಗೆ ಒಯ್ದು ದಿನಾ ನುಡಿಸ್ತೀನಿ. ಒಂದೇ ಇದ್ದರೆ ಇಲ್ಲಿಗೆ ಹಬ್ಬಕ್ಕೆ ಬಂದಾಗ ಮಾತ್ರ.

ಹಿರಿಯರು: ಒಂದೇ ಇಟ್ಟು ಮೊದಲು ಕೇಳಿಸ್ತೀನಿ. ಚಾಸಿಸ್ಸಲ್ಲಿ ಇನ್ನೊಂದು ತೂತು ಕೊರೆಯೋದಾ ಬೇಡವಾ ಅಂತ ಆಮೇಲೆ ಜಗಳ ಆಡೋಣ. ಆ ಏಣಿ ತಗೊಂಡು ಬಾ, ರೇಡಿಯೊ ಅಟ್ಟದಿಂದ ಇಳಿಸಬೇಕು.